ಶ್ರವಣ ಸಾಧನ: ಬಗೆಗಳು, ಕೆಲಸ, ಬಳಕೆ

ಶ್ರವಣ ಸಾಧನವೆಂದರೆ ಕಿವಿ ಮಂದವಾದವರಿಗೆ ಸುತ್ತಲಿನ ಸದ್ದನ್ನು, ಅದರಲ್ಲೂ ಮಾತನ್ನು, ಅವರವರ ಕಿವಿಗೆ ಬೇಕಾದ ಹದಕ್ಕೆ ತಂದುಕೊಡುವ ವಿದ್ಯುನ್ಮಾನ ಉಪಕರಣ. ಜನರ ಬಾಯಲ್ಲಿ ಇದು ‘ಕಿವಿ ಮಿಷನ್ನು’ ಅಥವಾ ‘ಹಿಯರಿಂಗ್ ಏಡ್’. ಕಿವಿಯ ಹಿಂದೆ ಕೂರುವುದು, ಕಿವಿಯ ತೊಟ್ಟಿಲಲ್ಲಿ ಕೂರುವುದು, ಕಾಲುವೆಯೊಳಗೆ ಅಡಗಿಬಿಡುವುದು, ಮೂಳೆಯ ಮೂಲಕ ಕೇಳಿಸುವುದು ಹೀಗೆ ಇದಕ್ಕೆ ಹಲವು ರೂಪ. ಕೊಳ್ಳಲು ಬಂದವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ‘ಹೊರಗೆ ಕಾಣದ್ದು ಯಾವುದಿದೆ?’ ಎಂಬುದು. ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಕಿವಿ ಎಷ್ಟು ಕಳೆದುಕೊಂಡಿದೆ, ಯಾವ ಸ್ವರದಲ್ಲಿ ಕಳೆದುಕೊಂಡಿದೆ, ಅದಕ್ಕೆ ಈ ಸಾಧನವನ್ನು ಯಾರು ಹೊಂದಿಸಿಕೊಡುತ್ತಾರೆ? ಸಾಧನಗಳ ಬಗೆಗಳನ್ನು ಅರಿಯುವಾಗಲೂ ಈ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಶ್ರವಣ ಕುರಿತ ಜಾಗತಿಕ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣ ದೋಷಕ್ಕಾಗಿ ನೆರವು ಬೇಕಾಗಿದೆ. 2050ರ ಹೊತ್ತಿಗೆ ಈ ಸಂಖ್ಯೆ 70 ಕೋಟಿ ಮುಟ್ಟಬಹುದೆಂದು ಅದೇ ವರದಿ ಅಂದಾಜಿಸುತ್ತದೆ. ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ. ಕಿವಿಯ ಸಾಧನಕ್ಕೆ ಮಾತ್ರ ಇಂದಿಗೂ ಸಂಕೋಚ ಅಂಟಿಕೊಂಡಿದೆ. ‘ಕೆಪ್ಪ’ ಎಂಬ ಮಾತು ನಮ್ಮಲ್ಲಿ ಬೈಗುಳವಾಗಿ ಉಳಿದಿರುವವರೆಗೆ ಈ ಸಂಕೋಚ ಹೋಗುವುದು ಕಷ್ಟ.

ಕಿವಿ ಏನನ್ನು ಕಳೆದುಕೊಳ್ಳುತ್ತದೆ

ಹಿರಿಯರು ಕಿವಿ ಪರೀಕ್ಷೆಗೆ ಬಂದಾಗ ಹೇಳುವ ಮಾತು ಒಂದೇ ತೆರನಾಗಿರುತ್ತದೆ: ‘ಮಾತು ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ.’ ಈ ಮಾತಿನಲ್ಲೇ ರೋಗನಿದಾನದ ಅರ್ಧ ಅಡಗಿದೆ. ನಮ್ಮ ಮಾತಿನಲ್ಲಿ ಅ, ಆ, ಉ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಆವರ್ತಾಂಕಗಳಲ್ಲಿರುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಇರುವುದು ಮೇಲಿನ ಆವರ್ತಾಂಕಗಳಲ್ಲಿ. ಸಕಾರದ ಸೀಟಿಯಂಥ ಸದ್ದು 4000 ಹರ್ಟ್ಸ್‌ನಿಂದಾಚೆಗೂ ಹರಡಿಕೊಂಡಿರುತ್ತದೆ. ವಯಸ್ಸಾದಂತೆ, ಅಥವಾ ವರ್ಷಗಟ್ಟಲೆ ಯಂತ್ರಗಳ ಗದ್ದಲದಲ್ಲಿ ದುಡಿದಾಗ, ಒಳಗಿವಿಯ ಶಂಖಾಕೃತಿಯ ಅಂಗದಲ್ಲಿ ಮೊದಲು ಸಾಯುವುವು ಈ ಮೇಲಿನ ಆವರ್ತಾಂಕಗಳನ್ನು ಹಿಡಿಯುವ ರೋಮಕೋಶಗಳೇ. ಒಂದೊಂದು ಕಿವಿಯಲ್ಲಿ ಎಲ್ಲ ಬಗೆಯ ರೋಮಕೋಶಗಳೂ ಸೇರಿ ಸುಮಾರು 15 ಸಾವಿರ. ಮನುಷ್ಯರಲ್ಲಿ ಒಮ್ಮೆ ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಊಟಕ್ಕೆ ಕುಳಿತ ಅಜ್ಜನಿಗೆ ಸೊಸೆ ‘ಸಾರು ಹಾಕಲಾ?’ ಎಂದರೆ ‘ಆರು’ ಎಂದೋ ‘ಕಾರು’ ಎಂದೋ ಕೇಳಿಸುತ್ತದೆ. ಅವರು ಬೇರೇನೋ ಉತ್ತರ ಕೊಡುತ್ತಾರೆ, ಮಕ್ಕಳು ನಗುತ್ತಾರೆ. ನಾಲ್ಕಾರು ಸಲ ಹೀಗಾದ ಮೇಲೆ ಅಜ್ಜ ಮಾತನ್ನೇ ಕಡಿಮೆ ಮಾಡಿಬಿಡುತ್ತಾರೆ.

ಇನ್ನೊಂದು ತೊಡಕೂ ಇದೆ. ಮೆಲ್ಲಗೆ ಹೇಳಿದರೆ ಕೇಳಿಸದು. ದನಿ ಸ್ವಲ್ಪ ಏರಿಸಿದರೆ ‘ಯಾಕೆ ಹಾಗೆ ಕಿರುಚ್ತೀಯ?’ ಎಂದು ಸಿಡುಕುತ್ತಾರೆ. ಮನೆಯವರಿಗೆ ಇದು ಹಟದಂತೆ ಕಾಣುತ್ತದೆ. ನಿಜದಲ್ಲಿ ಇದು ಒಳಗಿವಿಯ ದೋಷದ ಸಹಜ ಲಕ್ಷಣ. ಕೇಳಿಸಲು ಶುರುವಾಗುವ ಮಟ್ಟ ಮೇಲೇರಿರುತ್ತದೆ, ಸಹಿಸಲಾಗದ ಮಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ನಡುವಿನ ಜಾಗ ಇಕ್ಕಟ್ಟಾಗುತ್ತದೆ. ಎಲ್ಲ ಸದ್ದನ್ನೂ ಒಂದೇ ಸಮನೆ ದೊಡ್ಡದು ಮಾಡುವ ಪೆಟ್ಟಿಗೆ ಇಂಥ ಕಿವಿಗೆ ಉಪಕಾರಕ್ಕಿಂತ ಹಿಂಸೆಯನ್ನೇ ಹೆಚ್ಚು ಕೊಡುತ್ತದೆ.

ಶ್ರವಣ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದು ಆವರ್ತಾಂಕದಲ್ಲೂ ಕೇಳಿಸುವ ಅತಿ ಸಣ್ಣ ಸದ್ದನ್ನು ಗುರುತಿಸಿ ನಕ್ಷೆ ಬರೆಯುತ್ತಾರೆ. ಅದೇ ಆಡಿಯೋಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಂತೆ 20 ಡೆಸಿಬೆಲ್‌ಗಿಂತ ಕೆಳಗಿದ್ದರೆ ಸರಿಯಾದ ಶ್ರವಣ, 20ರಿಂದ 35 ಅಲ್ಪ ದೋಷ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮಕ್ಕಿಂತ ಹೆಚ್ಚು, 65ರಿಂದ 80 ತೀವ್ರ, ಅದರ ಮೇಲೆ ಅತಿತೀವ್ರ. ಹೊರಗಿವಿ, ನಡುಗಿವಿಗಳ ತೊಂದರೆಯಿಂದ ಬಂದ ದೋಷ ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಎಷ್ಟೋ ಸಲ ವಾಸಿಯಾಗುತ್ತದೆ. ಗುಗ್ಗೆ ಕಟ್ಟಿಕೊಂಡು ಕಿವಿ ಮುಚ್ಚಿದವರಿಗೆ ಬೇಕಾದದ್ದು ಗುಗ್ಗೆ ತೆಗೆಸುವುದಷ್ಟೆ. ಒಂದೇ ದಿನದಲ್ಲಿ, ಒಂದೇ ಕಿವಿಯಲ್ಲಿ ಫಕ್ಕನೆ ಕೇಳಿಸುವುದು ನಿಂತುಹೋದರೆ ಅದು ತುರ್ತು ಸ್ಥಿತಿ. ಸಾಧನದ ಅಂಗಡಿಗೆ ಹೋಗುವ ಬದಲು ಕಿವಿ, ಮೂಗು, ಗಂಟಲಿನ ವೈದ್ಯರ ಬಳಿಗೆ ಅಂದೇ ಹೋಗಬೇಕು.

ಹಿನ್ನೋಟ

ಹದಿನೇಳನೆಯ ಶತಮಾನದಿಂದ ಯುರೋಪಿನಲ್ಲಿ ಕೊಂಬಿನಾಕಾರದ ಕಿವಿಗೊಳವೆಗಳು ಬಳಕೆಯಲ್ಲಿದ್ದವು. ವಿದ್ಯುತ್ತಿನಿಂದ ನಡೆಯುವ ಮೊದಲ ಸಾಧನಗಳಲ್ಲಿ ಒಂದನ್ನು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ 1898ರ ಹೊತ್ತಿಗೆ ರೂಪಿಸಿದ. ಅದು ಟೆಲಿಫೋನಿನ ಕಾರ್ಬನ್ ಮೈಕ್ರೊಫೋನನ್ನೇ ನೆಚ್ಚಿಕೊಂಡಿತ್ತು. 1920ರ ದಶಕದಲ್ಲಿ ನಿರ್ವಾತ ನಳಿಕೆಗಳು ಬಂದವು. ಬಲ ಹೆಚ್ಚಿತು, ಜೊತೆಗೆ ಭಾರವಾದ ಬ್ಯಾಟರಿಯನ್ನು ಮೈಮೇಲೆ ಹೊರುವುದೂ ಬಂತು.

ನಿಜವಾದ ತಿರುವು ಟ್ರಾನ್ಸಿಸ್ಟರಿನದು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಅದು ಸಾಮಾನ್ಯ ಜನರ ಕೈಗೆ ಮೊದಲು ಬಂದದ್ದು ರೇಡಿಯೊ ರೂಪದಲ್ಲಲ್ಲ, ಶ್ರವಣ ಸಾಧನದಲ್ಲಿ. 1952ರ ಕೊನೆಯಲ್ಲಿ ಸೋನೋಟೋನ್ ಕಂಪನಿಯ 1010 ಎಂಬ ಮಾದರಿ ಎರಡು ನಳಿಕೆ, ಒಂದು ಟ್ರಾನ್ಸಿಸ್ಟರಿನೊಡನೆ ಮಾರುಕಟ್ಟೆಗೆ ಬಂತು. ಆ ಪ್ರಯೋಗಾಲಯದ ಹೆಸರಿಗೆ ಮೂಲನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ. ಕಿವುಡ ಮಕ್ಕಳಿಗೆ ಕಲಿಸುವುದು ಅವನ ಬಾಳಿನ ಕೆಲಸವಾಗಿತ್ತು. ಅವನ ನೆನಪಿಗಾಗಿ ಶ್ರವಣ ಸಾಧನ ತಯಾರಕರಿಂದ ಟ್ರಾನ್ಸಿಸ್ಟರಿನ ರಾಯಧನ ಪಡೆಯದಿರಲು ಬೆಲ್ ಸಂಸ್ಥೆ ನಿರ್ಧರಿಸಿತು. ತಂತ್ರಜ್ಞಾನದ ಚರಿತ್ರೆಯಲ್ಲಿ ಇಂಥ ಔದಾರ್ಯದ ನಿದರ್ಶನಗಳು ಹೆಚ್ಚಿಲ್ಲ. ಐವತ್ತರ ದಶಕ ಮುಗಿಯುವುದರೊಳಗೆ ಸಾಧನ ಎದೆಯಿಂದ ಕಿವಿಯ ಹಿಂದಕ್ಕೆ, ಕೆಲಕಾಲ ಕನ್ನಡಕದ ಕಡ್ಡಿಯೊಳಕ್ಕೂ, ಸರಿಯಿತು. 1996ರಲ್ಲಿ ಡೆನ್ಮಾರ್ಕಿನ ವೈಡೆಕ್ಸ್ ಮತ್ತು ಒಟಿಕಾನ್ ಕಂಪನಿಗಳು ಪೂರ್ಣ ಡಿಜಿಟಲ್ ಸಾಧನಗಳನ್ನು ಹೊರತಂದವು. ಇಂದು ಕೊಳ್ಳಲು ಸಿಗುವ ಒಳ್ಳೆಯ ಸಾಧನಗಳೆಲ್ಲ ಆ ವಂಶದವು.

ಒಳಗಿನ ಕೆಲಸ

ಯಾವ ಸಾಧನದಲ್ಲೂ ನಾಲ್ಕು ಭಾಗಗಳಿರುತ್ತವೆ: ಸದ್ದನ್ನು ಹಿಡಿಯುವ ಮೈಕ್ರೊಫೋನು, ಅದನ್ನು ಸಂಸ್ಕರಿಸಿ ಹಿಗ್ಗಿಸುವ ಚಿಪ್ಪು, ಮತ್ತೆ ಸದ್ದಾಗಿಸಿ ಕಿವಿಗೆ ಬಿಡುವ ಪುಟ್ಟ ಸ್ಪೀಕರು, ಇಷ್ಟಕ್ಕೂ ಶಕ್ತಿ ಕೊಡುವ ಬ್ಯಾಟರಿ. ಸ್ಪೀಕರನ್ನು ಈ ವೃತ್ತಿಯವರು ‘ರಿಸೀವರ್’ ಎನ್ನುತ್ತಾರೆ. ಡಿಜಿಟಲ್ ಚಿಪ್ಪು ಬರುವ ಸದ್ದನ್ನು ಹಲವು ಆವರ್ತಾಂಕ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೂ ಆಡಿಯೋಗ್ರಾಮಿಗೆ ತಕ್ಕಂತೆ ಬೇರೆ ಬೇರೆ ಬಲ ಕೊಡುತ್ತದೆ. ಸಣ್ಣ ಸದ್ದಿಗೆ ಹೆಚ್ಚು, ದೊಡ್ಡ ಸದ್ದಿಗೆ ಕಡಿಮೆ. ‘ಯಾಕೆ ಕಿರುಚ್ತೀಯ’ ಎಂಬ ತೊಂದರೆಗೆ ಪರಿಹಾರ ಇದು. ಇದನ್ನು ಕಂಪ್ರೆಷನ್ ಎನ್ನುತ್ತಾರೆ, ಇಂದಿನ ಸಾಧನದ ಜೀವಾಳ ಇದೇ. ಅಗ್ಗದ ಬೆಲೆಗೆ ಜಾಹೀರಾತುಗಳಲ್ಲಿ ಸಿಗುವ ‘ಸೌಂಡ್ ಆಂಪ್ಲಿಫೈಯರ್’ಗಳಿಗೂ ನಿಜವಾದ ಶ್ರವಣ ಸಾಧನಕ್ಕೂ ಮುಖ್ಯ ವ್ಯತ್ಯಾಸ ಇರುವುದು ಇಲ್ಲಿ. ಮೊದಲನೆಯದು ಯಾರ ಕಿವಿಯ ಅಳತೆಗೂ ಹೊಂದಿದ್ದಲ್ಲ. ಅತಿಯಾದ ಸದ್ದಿನಿಂದ ಉಳಿದ ಶ್ರವಣಕ್ಕೂ ಅದು ಕುತ್ತು ತರಬಹುದು.

ಬಗೆಗಳು

ಜೇಬಿನ ಸಾಧನ ಅತ್ಯಂತ ಹಳೆಯ ಮಾದರಿ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಅಂಗಿಯ ಜೇಬಿನಲ್ಲಿ, ಅಲ್ಲಿಂದ ಕಿವಿಗೊಂದು ತಂತಿ. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ಗುಂಡಿಗಳು ದೊಡ್ಡವು, ಬೆಲೆ ಕಡಿಮೆ. ಬಟ್ಟೆ ಉಜ್ಜಿದ ಸದ್ದೂ ಕಿವಿಗೆ ಬರುತ್ತದೆ ಎಂಬುದು ಅದರ ದೊಡ್ಡ ಕುಂದು. ಕೈ ನಡುಗುವ, ಸಣ್ಣ ವಸ್ತು ಹಿಡಿಯಲಾಗದ ಕೆಲವರಿಗೆ ಅದು ಇಂದಿಗೂ ಅನುಕೂಲ. ಉಳಿದವರಿಗೆ ಅದರ ಕಾಲ ಮುಗಿದಿದೆ.

ಕಿವಿಯ ಹಿಂದೆ ಕೂರುವ ಸಾಧನ, ಅಂದರೆ ಬಿಟಿಇ, ಎಲ್ಲ ಬಗೆಗಳಲ್ಲಿ ಹೆಚ್ಚು ಗಟ್ಟಿ, ಹೆಚ್ಚು ಬಲಶಾಲಿ. ಅಲ್ಪ ದೋಷದಿಂದ ಅತಿತೀವ್ರ ದೋಷದವರೆಗೆ ಇದರಲ್ಲಿ ಮಾದರಿಗಳಿವೆ. ಯಂತ್ರವೆಲ್ಲ ಕಿವಿಯ ಹಿಂದಿನ ಬಾಗಿದ ಕವಚದಲ್ಲಿದ್ದು, ಸದ್ದು ಒಂದು ಪಾರದರ್ಶಕ ನಳಿಕೆಯಲ್ಲಿ ಹರಿದು ಕಿವಿಯಚ್ಚಿನ ಮೂಲಕ ಒಳಗಿಳಿಯುತ್ತದೆ. ಮಕ್ಕಳಿಗೆ ಬಹುತೇಕ ಕೊಡುವುದು ಇದನ್ನೇ. ಮಗುವಿನ ಕಿವಿ ಬೆಳೆದಂತೆಲ್ಲ ಕಿವಿಯಚ್ಚನ್ನು ಮಾತ್ರ ಬದಲಿಸಿದರೆ ಸಾಕು, ಸಾಧನ ಅದೇ ಇರುತ್ತದೆ.

ಈ ಕಿವಿಯಚ್ಚಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕೊಳ್ಳುವವರ ಗಮನಕ್ಕೆ ಬಾರದೆ ಹೋಗುವುದು ಇದೇ. ಮೊದಲು ಕಿವಿಯೊಳಗೆ ದೀಪ ಹಾಕಿ ನೋಡುತ್ತಾರೆ. ದಾರ ಕಟ್ಟಿದ ಒಂದು ಸ್ಪಂಜಿನ ತುಂಡನ್ನು ಕಾಲುವೆಯ ತಿರುವಿನಾಚೆಗೆ ಮೆಲ್ಲಗೆ ತಳ್ಳಿ ಇಡುತ್ತಾರೆ, ಅಚ್ಚಿನ ಕಣಕ ಕಿವಿತಮಟೆಯ ತನಕ ಹರಿಯದಿರಲೆಂದು. ಎರಡು ಬಣ್ಣದ ಮೆತ್ತನೆಯ ವಸ್ತುಗಳನ್ನು ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಕಿವಿಯೊಳಕ್ಕೆ ಒತ್ತುತ್ತಾರೆ. ತಣ್ಣಗೆ, ಭಾರವಾಗಿ ಕಿವಿ ತುಂಬಿಕೊಳ್ಳುತ್ತದೆ, ಆ ಕಡೆಯ ಲೋಕವೆಲ್ಲ ಮೌನವಾಗುತ್ತದೆ. ಕೆಲವು ನಿಮಿಷದಲ್ಲಿ ಅದು ರಬ್ಬರಿನಂತೆ ಗಟ್ಟಿಯಾಗುತ್ತದೆ. ಮೆಲ್ಲಗೆ ಹೊರತೆಗೆದಾಗ ಆ ಕಿವಿಯ ಪ್ರತಿಯೊಂದು ಮಡಿಕೆಯೂ ಅದರ ಮೇಲೆ ಮೂಡಿರುತ್ತದೆ. ಒಬ್ಬರದು ಇನ್ನೊಬ್ಬರಿಗೆ ಹೊಂದದು, ಒಬ್ಬರದೇ ಎಡಗಿವಿಯದು ಬಲಗಿವಿಗೂ ಹೊಂದದು. ಇದನ್ನು ನೋಡಿ ಅಕ್ರಿಲಿಕ್ ಅಥವಾ ಸಿಲಿಕೋನಿನಲ್ಲಿ ಕಾಯಂ ಅಚ್ಚು ಮಾಡುತ್ತಾರೆ. ಅಚ್ಚು ಸಡಿಲವಾದರೆ ಸ್ಪೀಕರಿನ ಸದ್ದು ಹೊರಗೆ ಸೋರಿ ಮತ್ತೆ ಮೈಕ್ರೊಫೋನಿಗೆ ಹೋಗಿ ‘ಕುಯ್ಯ್’ ಎಂದು ಸೀಟಿ ಹೊಡೆಯುತ್ತದೆ. ‘ಮಿಷನ್ ಕೆಟ್ಟಿದೆ’ ಎಂಬ ದೂರಿನ ಮೂಲ ಎಷ್ಟೋ ಸಲ ಯಂತ್ರದಲ್ಲಿರುವುದಿಲ್ಲ, ಅಳತೆ ತಪ್ಪಿದ ಅಚ್ಚಿನಲ್ಲಿರುತ್ತದೆ.

ರಿಸೀವರನ್ನು ಕಿವಿಯ ಕಾಲುವೆಯೊಳಗೇ ಇಡುವ ಬಗೆ ಆರ್‌ಐಸಿ. 2000ದ ದಶಕದ ಮೊದಲ ವರ್ಷಗಳಲ್ಲಿ ಬಂದ ಇದು ಇಂದು ವಯಸ್ಕರಲ್ಲಿ ಅತಿ ಜನಪ್ರಿಯ. ಹಿಂದಿನ ಕವಚ ಕಿರಿದು, ಕಿವಿಗಿಳಿಯುವುದು ಕೂದಲೆಳೆಯಂಥ ತಂತಿ, ತುದಿಯಲ್ಲಿ ರಂಧ್ರವಿರುವ ಮೆತ್ತನೆಯ ಸಿಲಿಕೋನ್ ಟೊಪ್ಪಿ. ಕೆಳಗಿನ ಆವರ್ತಾಂಕ ಚೆನ್ನಾಗಿ ಕೇಳಿಸುತ್ತ, ಮೇಲಿನದು ಮಾತ್ರ ಹೋಗಿರುವವರಿಗೆ ಇದು ವರದಾನ. ಕಿವಿ ತೆರೆದೇ ಇರುವುದರಿಂದ ಸಹಜವಾಗಿ ಕೇಳಿಸುವುದು ಸಹಜವಾಗಿಯೇ ಕೇಳಿಸುತ್ತದೆ. ಕಿವಿ ಪೂರ್ತಿ ಮುಚ್ಚಿದಾಗ ತನ್ನ ದನಿಯೇ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಗುಂಯ್‌ಗುಡುವ ತೊಂದರೆಯೂ ಇದರಲ್ಲಿ ಕಡಿಮೆ. ಆದರೆ ರಿಸೀವರು ಕಿವಿಯ ಬೆವರು, ಗುಗ್ಗೆಗಳ ನಡುವೆಯೇ ಕೂರಬೇಕು. ಅದರ ಬಾಯಿಗಿರುವ ಪುಟ್ಟ ಜರಡಿಯನ್ನು ಆಗಾಗ ಬದಲಿಸದಿದ್ದರೆ ಸದ್ದು ಕ್ಷೀಣಿಸುತ್ತ ಒಂದು ದಿನ ನಿಂತೇಹೋಗುತ್ತದೆ. ಕಿವಿ ಸೋರುವವರಿಗೆ ಇದು ತಕ್ಕುದಲ್ಲ.

ಕಿವಿಯೊಳಗೆ ಕೂರುವ ಸಾಧನಗಳು ಗಾತ್ರದ ಇಳಿಕೆಯಲ್ಲಿ ಐಟಿಇ, ಐಟಿಸಿ, ಸಿಐಸಿ, ಐಐಸಿ ಎಂದು ಹೆಸರಾಗಿವೆ. ಮೊದಲನೆಯದು ಹೊರಗಿವಿಯ ತೊಟ್ಟಿಲನ್ನೆಲ್ಲ ತುಂಬುತ್ತದೆ, ಕೊನೆಯದು ಕಾಲುವೆಯ ಎರಡನೆಯ ತಿರುವಿನವರೆಗೆ ಇಳಿದು ಕಣ್ಣಿಗೆ ಬೀಳುವುದೇ ಇಲ್ಲ. ಇವನ್ನು ಸಾಮಾನ್ಯವಾಗಿ ಆಯಾ ಕಿವಿಯ ಅಚ್ಚಿನ ಮೇಲೆಯೇ ಕಟ್ಟುತ್ತಾರೆ. ಕನ್ನಡಕ, ಮಾಸ್ಕುಗಳ ತಂಟೆಯಿಲ್ಲ, ಫೋನನ್ನು ಎಂದಿನಂತೆ ಕಿವಿಗಿಟ್ಟು ಮಾತಾಡಬಹುದು, ಗಾಳಿಯ ಸದ್ದೂ ಕಡಿಮೆ. ಆದರೆ ಚಿಕ್ಕದಾದಷ್ಟೂ ಬಲ, ಬ್ಯಾಟರಿಯ ಆಯುಸ್ಸು, ಎರಡು ಮೈಕ್ರೊಫೋನಿಗೆ ಜಾಗ ಎಲ್ಲವೂ ಕಡಿಮೆಯಾಗುತ್ತವೆ. ಅಲ್ಪದಿಂದ ಮಧ್ಯಮ ದೋಷಕ್ಕೆ ಇವು ಸಾಕು. ತೀವ್ರ ದೋಷವಿರುವವರು ‘ಕಾಣಬಾರದು’ ಎಂಬ ಒಂದೇ ಆಸೆಗೆ ಇವನ್ನು ಕೊಂಡರೆ ಹಣವೂ ಹೋಗುತ್ತದೆ, ಮಾತೂ ಕೇಳಿಸುವುದಿಲ್ಲ.

ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಕ್ರಾಸ್ ಎಂಬ ಏರ್ಪಾಟಿದೆ. ಕೆಟ್ಟ ಕಿವಿಯ ಕಡೆ ಬರೀ ಮೈಕ್ರೊಫೋನು ಇಟ್ಟು, ಆ ಕಡೆಯ ಸದ್ದನ್ನು ನಿಸ್ತಂತುವಾಗಿ ಒಳ್ಳೆಯ ಕಿವಿಗೆ ಕಳಿಸುತ್ತಾರೆ.

ಹುಟ್ಟಿನಿಂದಲೇ ಹೊರಗಿವಿಯ ಕಾಲುವೆ ರೂಪುಗೊಳ್ಳದವರಿಗೆ, ಸದಾ ಕಿವಿ ಸೋರುವವರಿಗೆ ಮೂಳೆವಹನ ಸಾಧನ ಬೇಕು. ಇದು ಕಿವಿಯ ಹಿಂದಿನ ಮೂಳೆಯನ್ನು ಕಂಪಿಸಿ ಸದ್ದನ್ನು ನೇರ ಒಳಗಿವಿಗೆ ಮುಟ್ಟಿಸುತ್ತದೆ. ಮೂಳೆಗೆ ಟೈಟೇನಿಯಂ ತಿರುಪು ಕೂಡಿಸಿ ಅದರ ಮೇಲೆ ಸಾಧನ ಸಿಕ್ಕಿಸುವ ಪದ್ಧತಿಯನ್ನು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಆಂಡರ್ಸ್ ಟ್ಯೆಲ್‌ಸ್ಟ್ರೋಮ್ ಮತ್ತು ಸಂಗಡಿಗರು 1977ರಲ್ಲಿ ಆರಂಭಿಸಿದರು. ಶಸ್ತ್ರಚಿಕಿತ್ಸೆಗೆ ವಯಸ್ಸಾಗದ ಕೂಸುಗಳಿಗೆ ಅದೇ ಸಾಧನವನ್ನು ತಲೆಪಟ್ಟಿಯಲ್ಲಿ ಕಟ್ಟಿ ಕೊಡುತ್ತಾರೆ.

ಕಾಕ್ಲಿಯರ್ ಇಂಪ್ಲಾಂಟ್ ಕಟ್ಟುನಿಟ್ಟಾದ ಅರ್ಥದಲ್ಲಿ ಶ್ರವಣ ಸಾಧನವಲ್ಲ. ಅದು ಸದ್ದನ್ನು ಹಿಗ್ಗಿಸುವುದಿಲ್ಲ. ಒಳಗಿವಿಯಲ್ಲಿ ಇರಿಸಿದ ವಿದ್ಯುದ್ವಾರಗಳಿಂದ ಶ್ರವಣನರವನ್ನೇ ಚೋದಿಸುತ್ತದೆ. ಬಲವಾದ ಸಾಧನ ಹಾಕಿದರೂ ಮಾತು ತಿಳಿಯದಷ್ಟು ದೋಷವಿದ್ದಾಗ ಮಾತ್ರ ಅದರ ಸರದಿ. ಹುಟ್ಟು ಕಿವುಡಿನ ಮಕ್ಕಳಲ್ಲಿ ಎಷ್ಟು ಬೇಗ ಆದರೆ ಅಷ್ಟು ಫಲ.

ಗದ್ದಲ, ಫೋನು, ಬ್ಲೂಟೂತ್

ಸಾಧನ ಹಾಕಿದವರ ಎದುರಿನ ಅತಿ ದೊಡ್ಡ ಸವಾಲು ಮದುವೆ ಮನೆ. ಎರಡು ಮೈಕ್ರೊಫೋನುಗಳ ನೆರವಿನಿಂದ ಎದುರಿನಿಂದ ಬಂದ ಮಾತಿಗೆ ಒತ್ತು ಕೊಟ್ಟು ಹಿಂದಿನ ಗದ್ದಲ ತಗ್ಗಿಸುವ ತಂತ್ರ ಬಹುಕಾಲದಿಂದ ಇದೆ. ಈಚಿನ ದುಬಾರಿ ಮಾದರಿಗಳು ಅಪಾರ ಧ್ವನಿಮಾದರಿಗಳಿಂದ ತರಬೇತಾದ ಕೃತಕ ಬುದ್ಧಿಮತ್ತೆಯಿಂದ ಮಾತನ್ನು ಗದ್ದಲದಿಂದ ಬಿಡಿಸುತ್ತವೆ. ಪ್ರಗತಿ ನಿಜ, ಆದರೆ ವಾಲಗದ ಪಕ್ಕದಲ್ಲಿ ಪಿಸುಮಾತು ಕೇಳಿಸುವ ಸಾಧನ ಯಾವುದೂ ಇಲ್ಲ. ದೂರ ಇಮ್ಮಡಿಯಾದರೆ ಬಯಲಿನಲ್ಲಿ ಸದ್ದು 6 ಡೆಸಿಬೆಲ್ ಕುಗ್ಗುತ್ತದೆ. ಹತ್ತಿರ ಬಂದು, ಮುಖ ಕಾಣುವಂತೆ ನಿಂತು ಮಾತಾಡುವುದೇ ಮನೆಮಂದಿ ಮಾಡಬಹುದಾದ ದೊಡ್ಡ ಉಪಕಾರ. ಶಾಲೆಯಲ್ಲಿ ಶಿಕ್ಷಕರ ಕೊರಳಿಗೆ ಪುಟ್ಟ ಮೈಕ್ರೊಫೋನು ಹಾಕಿ ದನಿಯನ್ನು ನೇರ ಮಗುವಿನ ಸಾಧನಕ್ಕೆ ಕಳಿಸುವ ವ್ಯವಸ್ಥೆ ಇದೇ ತತ್ವದ್ದು.

ಹಲವು ಸಾಧನಗಳಲ್ಲಿ ಟೆಲಿಕಾಯಿಲ್ ಎಂಬ ಸುರುಳಿಯಿದ್ದು, ಲೂಪ್ ಎಂಬ ತಂತಿಯ ಸುತ್ತು ಅಳವಡಿಸಿದ ಸಭಾಂಗಣಗಳಲ್ಲಿ ಭಾಷಣವನ್ನು ನೇರವಾಗಿ ಹಿಡಿಯುತ್ತದೆ. ಬ್ಲೂಟೂತ್ ಬಂದ ಮೇಲೆ ಫೋನಿನ ಕರೆ, ಟಿವಿಯ ಸದ್ದು ಸಾಧನಕ್ಕೇ ಬರುತ್ತವೆ. 2022ರಲ್ಲಿ ಪ್ರಕಟವಾದ ಔರಾಕಾಸ್ಟ್ ಎಂಬ ಹೊಸ ಬ್ಲೂಟೂತ್ ಪ್ರಸಾರ ಪದ್ಧತಿ ರೈಲು ನಿಲ್ದಾಣ, ಸಿನಿಮಾ ಮಂದಿರಗಳ ಸದ್ದನ್ನು ಅಲ್ಲಿರುವ ಎಲ್ಲರ ಸಾಧನಕ್ಕೂ ಒಟ್ಟಿಗೆ ತಲುಪಿಸಬಲ್ಲದು. ಅದೇ ವರ್ಷ ಅಕ್ಟೋಬರಿನಿಂದ ಅಮೆರಿಕದಲ್ಲಿ ಅಲ್ಪ, ಮಧ್ಯಮ ದೋಷದ ವಯಸ್ಕರು ತಜ್ಞರ ಚೀಟಿಯಿಲ್ಲದೆ ಸಾಧನ ಕೊಳ್ಳಲು ಅವಕಾಶವಾಯಿತು. 2024ರಲ್ಲಿ ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ ಇಯರ್‌ಫೋನಿಗೂ ಅಂಥ ತಂತ್ರಾಂಶಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಮಕ್ಕಳಿಗೆ, ತೀವ್ರ ದೋಷದವರಿಗೆ ಈ ದಾರಿ ಅಲ್ಲ.

ಹೊಂದಿಸುವುದು, ಒಗ್ಗಿಸಿಕೊಳ್ಳುವುದು, ಕಾಪಾಡುವುದು

ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ ಪ್ರೋಗ್ರಾಂ ಮಾಡುವವರು ಶ್ರವಣತಜ್ಞರು. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎನ್‌ಎಎಲ್, ಕೆನಡಾದ ಡಿಎಸ್‌ಎಲ್ ಎಂಬ ಸೂತ್ರಗಳು ಯಾವ ಆವರ್ತಾಂಕಕ್ಕೆ ಎಷ್ಟು ಬಲವೆಂದು ಲೆಕ್ಕ ಕೊಡುತ್ತವೆ. ಲೆಕ್ಕದ ಸದ್ದು ನಿಜಕ್ಕೂ ಆ ಕಿವಿತಮಟೆಯ ಹತ್ತಿರ ತಲುಪಿದೆಯೇ ಎಂದು ತೆಳು ನಳಿಕೆಯಿಟ್ಟು ಅಳೆಯುವ ಪರೀಕ್ಷೆಯೂ ಇದೆ. ಕೊಳ್ಳುವವರು ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಮನೆಯಲ್ಲಿ ದಿನವೂ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ: ಬಾಯಿ ಕಾಣದಂತೆ ಪಕ್ಕದಲ್ಲಿ ಕುಳಿತು ಆ, ಊ, ಈ, ಶ್, ಸ್, ಮ್ ಎಂಬ ಆರು ಸದ್ದು ಹೇಳುವುದು, ಸಾಧನ ಹಾಕಿಕೊಂಡವರು ಕೇಳಿದ್ದನ್ನು ತಿರುಗಿ ಹೇಳುವುದು. ಈ ಆರರಲ್ಲಿ ಮಾತಿನ ಎಲ್ಲ ಆವರ್ತಾಂಕಗಳೂ ಬಂದುಬಿಡುತ್ತವೆ.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಸಾಧನ ಬೇಕು. ಸದ್ದು ಯಾವ ದಿಕ್ಕಿನದೆಂದು ತಿಳಿಯುವುದು ಎರಡು ಕಿವಿಗಳ ಹೋಲಿಕೆಯಿಂದಲೇ. ರಸ್ತೆ ದಾಟುವಾಗ ಹಾರ್ನು ಎಡದಿಂದಲೋ ಬಲದಿಂದಲೋ ಎಂಬುದು ಜೀವದ ಪ್ರಶ್ನೆ. ಮೊದಲ ದಿನ ಫ್ಯಾನಿನ ಸದ್ದು, ಪತ್ರಿಕೆ ಮಡಿಸಿದ ಸರಪರ, ಪಾತ್ರೆಯ ಕಣಕಣ ಎಲ್ಲ ಕರ್ಕಶವೆನಿಸುತ್ತವೆ. ವರ್ಷಗಟ್ಟಲೆ ಇವನ್ನು ಕೇಳದ ಮಿದುಳು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ.

ಬಹಳ ಸಾಧನಗಳು ಜಿಂಕ್-ಏರ್ ಗುಂಡಿ ಬ್ಯಾಟರಿಯಲ್ಲಿ ನಡೆಯುತ್ತವೆ: ಹಳದಿ ಚೀಟಿಯದು 10, ಕಂದು 312, ಕಿತ್ತಳೆ 13, ನೀಲಿ 675. ಚೀಟಿ ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೊಕ್ಕು ಬ್ಯಾಟರಿ ಜೀವ ತಳೆಯುತ್ತದೆ. ಕೆಲವು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿದರೆ ಹೆಚ್ಚು ಬಾಳುತ್ತದೆ. ಒಮ್ಮೆ ಕಿತ್ತ ಚೀಟಿಯನ್ನು ಮತ್ತೆ ಅಂಟಿಸಿ ಪ್ರಯೋಜನವಿಲ್ಲ. ಈ ಗುಂಡಿಗಳನ್ನು ಮಗು ನುಂಗಿದರೆ ಪ್ರಾಣಾಪಾಯ. ಕೈ ನಡುಗುವವರಿಗೆ ಚಾರ್ಜ್ ಮಾಡುವ ಮಾದರಿ ಲೇಸು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಸಾಧನದ ಮೊದಲ ಶತ್ರು ತೇವ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುವ ರೂಢಿ ಅದರ ಆಯುಸ್ಸನ್ನು ಹೆಚ್ಚಿಸುತ್ತದೆ.

ಕರ್ನಾಟಕದಲ್ಲಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುವಿನಲ್ಲಿ ಆರಂಭವಾದದ್ದು. ದೇಶಕ್ಕೆ ಶ್ರವಣತಜ್ಞರನ್ನು ತಯಾರು ಮಾಡಿದ ಸಂಸ್ಥೆಗಳಲ್ಲಿ ಅದು ಮುಂಚೂಣಿಯದು. ಶ್ರವಣ ಪರೀಕ್ಷೆ, ಸಾಧನದ ಹೊಂದಿಕೆ, ಕಿವಿಯಚ್ಚು, ಮಾತಿನ ತರಬೇತಿ ಎಲ್ಲ ಅಲ್ಲಿ ಒಂದೇ ಆವರಣದಲ್ಲಿ ಸಿಗುತ್ತವೆ. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದ್ದು, ಶ್ರವಣ ಸಾಧನಗಳೂ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟೂ ಅದರ ವ್ಯಾಪ್ತಿಯಲ್ಲಿವೆ. ಶಿಬಿರಗಳಲ್ಲಿ ಹಂಚಿದ ಸಾಧನ ಸಾಧಾರಣದ್ದೇ ಇರಬಹುದು, ಆದರೆ ಅದನ್ನು ಪಡೆದವರ ಕಿವಿಗೆ ಹೊಂದಿಸಿ, ಆರು ತಿಂಗಳಿಗೊಮ್ಮೆ ನೋಡುವವರಿದ್ದರೆ ಅದೇ ಚೆನ್ನಾಗಿ ನಡೆಯುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ಕೊರತೆ ಇರುವುದು ಈ ನೋಡುವವರದು.

ಎಷ್ಟೋ ಮನೆಗಳ ಕಪಾಟಿನಲ್ಲಿ ‘ಹಾಕಿಕೊಂಡರೆ ಬರೀ ಗಲಾಟೆ’ ಎಂದು ಬಿಟ್ಟ ಸಾಧನವೊಂದು ಡಬ್ಬಿಯಲ್ಲಿ ಮಲಗಿರುತ್ತದೆ. ನಿಮ್ಮ ಮನೆಯಲ್ಲಿದ್ದರೆ ಅದನ್ನು ಹೊರತೆಗೆಯಿರಿ. ಡಿಜಿಟಲ್ ಸಾಧನವನ್ನು ಮತ್ತೆ ಮತ್ತೆ ಪ್ರೋಗ್ರಾಂ ಮಾಡಬಹುದು, ಕಿವಿಯಚ್ಚನ್ನು ಹೊಸದಾಗಿ ಮಾಡಿಸಬಹುದು. ಹೊಸದನ್ನು ಕೊಳ್ಳುವ ಮೊದಲು ಅದನ್ನೂ, ಅದನ್ನು ಹಾಕಿಕೊಳ್ಳಬೇಕಾದ ಹಿರಿಯರನ್ನೂ ಶ್ರವಣತಜ್ಞರ ಬಳಿಗೆ ಒಮ್ಮೆ ಕರೆದೊಯ್ಯಿರಿ.